ಕರಿಯ ಬಿಯರು: ರುಚಿಯೂ ಲೆಕ್ಕವೂ

ಮನೆಮಂದಿಯೆಲ್ಲ ಓದುವ ನಮ್ಮ ಸಂಘದ ಪತ್ರಿಕೆಯಲ್ಲಿ ಬಿಯರಿನ ಪ್ರಸ್ತಾಪವೇ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಅಂಥವರಿಗೆ ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇವೆ. ಕುಡಿಯದವರ ಕೈಗೆ ಲೋಟ ಕೊಡುವುದು ಈ ಲೇಖನದ ಉದ್ದೇಶವಲ್ಲ. ಕುಡಿಯುವವರನ್ನು ಕಟಕಟೆಯಲ್ಲಿ ನಿಲ್ಲಿಸುವುದೂ ಅಲ್ಲ. ಮಾಂಬಲದಲ್ಲಿಯೋ ಮೈಲಾಪುರದಲ್ಲಿಯೋ ಅಯನಾವರದಲ್ಲಿಯೋ ಮನೆ ಮಾಡಿಕೊಂಡಿರುವ ನಮ್ಮಲ್ಲಿ ಅನೇಕರ ಮಕ್ಕಳು ಇಂದು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾರೆ. ಶನಿವಾರ ರೈಲು ಹತ್ತಿ ಬಂದವರು ಊಟದ ಹೊತ್ತಿಗೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ಮಾತಿನಲ್ಲಿ ‘ಸ್ಟೌಟ್’ ಎಂಬ ಪದ ನಡುನಡುವೆ ಕೇಳಿಬರುತ್ತದೆ. ತಂದೆ ಕೆಮ್ಮುತ್ತಾರೆ, ತಾಯಿ ಒಳಗೆ ಹೋಗುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಆ ಪದಾರ್ಥ ಏನು, ಎಲ್ಲಿಂದ ಬಂತು, ಅದರಲ್ಲಿ ರುಚಿ ಎಷ್ಟು, ಅಪಾಯ ಎಷ್ಟು ಎಂಬುದು ಹಿರಿಯರಿಗೂ ತಿಳಿದಿರುವುದಿಲ್ಲ. ಅನೇಕ ವೇಳೆ ಕುಡಿಯುವ ಕಿರಿಯರಿಗೂ ತಿಳಿದಿರುವುದಿಲ್ಲ. ತಿಳಿಯದ ವಸ್ತುವಿನ ಬಗ್ಗೆ ಮೌನವಾಗಿರುವುದಕ್ಕಿಂತ ತಿಳಿದು ಮಾತಾಡುವುದು ಮೇಲೆಂದು ನಮಗೆ ತೋರಿತು.

ಸ್ಟೌಟ್ ಎಂಬುದು ಕಪ್ಪು ಬಿಯರು. ನಮ್ಮ ಕಡೆ ಸಾಮಾನ್ಯವಾಗಿ ಬಿಯರು ಎಂದರೆ ಹೊಂಬಣ್ಣದ, ತಣ್ಣಗೆ ಕೊರೆಯುವ ನೀರಿನಂಥ ಪಾನೀಯ. ಇದು ಹಾಗಲ್ಲ. ಬಣ್ಣ ಫಿಲ್ಟರಿನ ಕೆಳಗಿನ ಪಾತ್ರೆಗೆ ಇಳಿದ ಮೊದಲ ಡಿಕಾಕ್ಷನ್ನಿನದು. ಮೇಲಿನ ನೊರೆ ಹಾಲು ಬೆರೆಸಿ ಎತ್ತಿ ಹೊಯ್ದ ಕಾಫಿಯ ನೊರೆಯಂತೆ ಕಂದು. ಇತ್ತೀಚಿನ ಹತ್ತು ಹದಿನೈದು ವರ್ಷಗಳಲ್ಲಿ ಇದರಲ್ಲೇ ಒಂದು ಹೊಸ ಬಗೆ ಹುಟ್ಟಿಕೊಂಡಿದೆ. ಊಟವಾದ ಮೇಲೆ ತಿನ್ನುವ ಸಿಹಿಯ ಹಾಗೆ, ಕೋಕೋ, ವೆನಿಲಾ, ಕೊಬ್ಬರಿ, ಕಾಫಿಬೀಜ, ಹಾಲಿನ ಸಕ್ಕರೆ ಮೊದಲಾದುವನ್ನು ಬೆರೆಸಿ ಗಟ್ಟಿಯಾಗಿ, ಸಿಹಿಯಾಗಿ, ಬಹಳ ಬಿರುಸಾಗಿ ಮಾಡುವ ಬಗೆ. ಅಮೆರಿಕದವರು ಇದಕ್ಕೆ ‘ಪೇಸ್ಟ್ರಿ ಸ್ಟೌಟ್’ ಎಂದು ಹೆಸರಿಟ್ಟರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಲೋಟದಲ್ಲಿ ಕೊಡುವ ಭಕ್ಷ್ಯ. ನಮ್ಮ ಲೇಖನಕ್ಕೆ ಕಾರಣವಾದುದು ಈ ಬಗೆಯೇ.

ಜವೆಗೋಧಿಯಿಂದ ಲೋಟದವರೆಗೆ

ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿ ಮಕ್ಕಳಿಗೆ ಗಂಜಿ ಮಾಡಿ ಕುಡಿಸಿದ ತಾಯಂದಿರಿಗೆ ಬಿಯರಿನ ಅರ್ಧ ವಿದ್ಯೆ ಆಗಲೇ ಗೊತ್ತಿದೆ. ಅಲ್ಲಿ ರಾಗಿ, ಇಲ್ಲಿ ಜವೆಗೋಧಿ, ಅಷ್ಟೇ ವ್ಯತ್ಯಾಸ. ಕಾಳು ಮೊಳೆಯುವಾಗ ಅದರೊಳಗೆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳು ಹುಟ್ಟುತ್ತವೆ. ಮೊಳಕೆಯ ಕಾಳನ್ನು ಒಣಗಿಸಿ, ತರಿತರಿಯಾಗಿ ಒಡೆದು, ಸುಮಾರು ೬೫ ಡಿಗ್ರಿ ಶಾಖದ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಆ ಕಿಣ್ವಗಳು ಕೆಲಸ ಮುಗಿಸುತ್ತವೆ, ನೀರು ಸಿಹಿಯಾಗುತ್ತದೆ. ಈ ಸಿಹಿ ನೀರನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂಗಳೊಡನೆ ಕುದಿಸಿ, ಆರಿಸಿ, ಯೀಸ್ಟನ್ನು ಸೇರಿಸುತ್ತಾರೆ. ಯೀಸ್ಟು ಸಕ್ಕರೆಯನ್ನು ತಿಂದು ಆಲ್ಕೋಹಾಲನ್ನೂ ಇಂಗಾಲದ ಅನಿಲವನ್ನೂ ಬಿಡುತ್ತದೆ. ದೋಸೆಯ ಹಿಟ್ಟು ರಾತ್ರಿ ಕಳೆಯುವುದರೊಳಗೆ ಉಬ್ಬುವುದೂ ಸೂಕ್ಷ್ಮಜೀವಿಗಳ ಇಂಥದೇ ಕೆಲಸದಿಂದ; ಅಲ್ಲಿ ಹುಳಿ ಮುಖ್ಯ, ಇಲ್ಲಿ ಆಲ್ಕೋಹಾಲು ಮುಖ್ಯ.

ಇಷ್ಟು ಎಲ್ಲ ಬಿಯರಿಗೂ ಸಮಾನ. ಸ್ಟೌಟಿಗೆ ಬಣ್ಣವೂ ಗುಣವೂ ಬರುವುದು ಹುರಿಯುವುದರಿಂದ. ಒಟ್ಟು ಕಾಳಿನಲ್ಲಿ ಹತ್ತನೆಯ ಒಂದು ಪಾಲನ್ನೋ ಅದಕ್ಕಿಂತ ಕಡಿಮೆಯನ್ನೋ ತೆಗೆದು ೨೦೦ ಡಿಗ್ರಿಗೂ ಮೇಲ್ಪಟ್ಟ ಶಾಖದಲ್ಲಿ ಕಪ್ಪಾಗುವವರೆಗೆ ಹುರಿಯುತ್ತಾರೆ. ಆ ಒಂದು ಪಾಲು ಮಿಕ್ಕ ಒಂಬತ್ತು ಪಾಲನ್ನೂ ತನ್ನ ಬಣ್ಣಕ್ಕೆ ತಿರುಗಿಸಿಬಿಡುತ್ತದೆ. ಸಾರಿನ ಪಾತ್ರೆಗೆ ಒಂದು ಚಮಚ ಒಗ್ಗರಣೆ ಸಾಲುವ ಹಾಗೆ! ಹದವಾಗಿ ಹುರಿಯುವ ಈ ವಿದ್ಯೆಗೆ ಹುಟ್ಟಿದ ವರ್ಷವೂ ಇದೆ. ೧೮೧೭ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಎಂಬಾತ ಕಾಫಿ ಹುರಿಯುವ ಯಂತ್ರದಂತೆ ತಿರುಗುವ ಕಬ್ಬಿಣದ ಉರುಳೆಯಲ್ಲಿ ಕಾಳು ಹುರಿಯುವ ಕ್ರಮಕ್ಕೆ ಪೇಟೆಂಟ್ ಪಡೆದ. ಕಾಫಿಗೂ ಸ್ಟೌಟಿಗೂ ಇರುವ ನಂಟು ಕಣ್ಣಿಗೆ ಕಾಣುವ ಬಣ್ಣದ್ದಷ್ಟೇ ಅಲ್ಲ. ಎರಡೂ ಒಂದೇ ಬಗೆಯ ಉರುಳೆಯಿಂದ ಇಳಿದು ಬಂದಂಥವು.

ಹಾಲಿನ ಸಕ್ಕರೆಯ ವಿಷಯವನ್ನೂ ಹೇಳಬೇಕು. ಯೀಸ್ಟು ಬೇರೆ ಸಕ್ಕರೆಗಳನ್ನು ತಿಂದು ಮುಗಿಸುತ್ತದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಮಾತ್ರ ಅದು ತಿನ್ನಲಾರದು. ಆದ್ದರಿಂದ ಅದನ್ನು ಬೆರೆಸಿದರೆ ಸಿಹಿ ಕೊನೆಯವರೆಗೂ ಉಳಿಯುತ್ತದೆ. ಇಂಗ್ಲೆಂಡಿನಲ್ಲಿ ಇಪ್ಪತ್ತನೆಯ ಶತಮಾನದ ಆದಿಯಲ್ಲೇ ಹೀಗೆ ಮಾಡಿದ ‘ಮಿಲ್ಕ್ ಸ್ಟೌಟ್’ ಮಾರಾಟಕ್ಕೆ ಬಂದಿತ್ತು. ಹಾಲು ಅರಗದ ಹೊಟ್ಟೆಯವರಿಗೆ ಇದೂ ಅರಗುವುದಿಲ್ಲವೆಂಬುದನ್ನು ನೆನಪಿಡಬೇಕು.

ಲಂಡನ್ನಿನಿಂದ ಮದರಾಸಿಗೆ

ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಮೂಟೆ ಹೊರುವ ಹಮಾಲರು ಇಷ್ಟಪಟ್ಟು ಕುಡಿಯುತ್ತಿದ್ದ ಕಂದು ಬಿಯರಿಗೆ ‘ಪೋರ್ಟರ್’ ಎಂಬ ಹೆಸರು ಬಂತು. ಅದರಲ್ಲೇ ಬಿರುಸಾದುದನ್ನು ‘ಸ್ಟೌಟ್ ಪೋರ್ಟರ್’ ಎಂದರು. ಸ್ಟೌಟ್ ಎಂದರೆ ಆಗ ಗಟ್ಟಿ, ಬಲವುಳ್ಳದ್ದು ಎಂದಷ್ಟೇ ಅರ್ಥ. ಬರಬರುತ್ತ ವಿಶೇಷಣವೇ ನಾಮಪದವಾಗಿ ನಿಂತಿತು. ೧೭೫೯ರ ಕೊನೆಯ ದಿನ ಆರ್ಥರ್ ಗಿನ್ನೆಸ್ ಎಂಬಾತ ಡಬ್ಲಿನ್ ನಗರದ ಸೇಂಟ್ ಜೇಮ್ಸ್ ಗೇಟಿನಲ್ಲಿ ಪಾಳುಬಿದ್ದ ಒಂದು ಬ್ರೂವರಿಯನ್ನು ವರ್ಷಕ್ಕೆ ೪೫ ಪೌಂಡಿನಂತೆ ೯,೦೦೦ ವರ್ಷಗಳಿಗೆ ಗುತ್ತಿಗೆ ಹಿಡಿದ. ಮನೆ ಬಾಡಿಗೆಗೆ ಹನ್ನೊಂದು ತಿಂಗಳ ಕರಾರು ಬರೆಸಿಕೊಳ್ಳುವ ನಮ್ಮ ಚೆನ್ನೈ ಮನೆಯೊಡೆಯರು ಇದನ್ನು ಕೇಳಿದರೆ ಮೂರ್ಛೆ ಹೋದಾರು.

ಅತಿ ಬಿರುಸಾದ ಸ್ಟೌಟು ಲಂಡನ್ನಿನ ಥ್ರೇಲ್ ಎಂಬುವರ ಬ್ರೂವರಿಯಿಂದ ರಷ್ಯದ ಚಕ್ರವರ್ತಿನಿಯ ಆಸ್ಥಾನಕ್ಕೆ ಹೋಗುತ್ತಿತ್ತು. ಅದರಿಂದಲೇ ‘ಇಂಪೀರಿಯಲ್ ಸ್ಟೌಟ್’ ಎಂಬ ಹೆಸರು ನಿಂತದ್ದು. ೧೭೮೧ರಲ್ಲಿ ಹೆನ್ರಿ ಥ್ರೇಲ್ ತೀರಿಕೊಂಡ ಮೇಲೆ ಆ ಬ್ರೂವರಿಯನ್ನು ೧,೩೫,೦೦೦ ಪೌಂಡಿಗೆ ಮಾರಲಾಯಿತು. ಮಾರಾಟದ ಹೊಣೆ ಹೊತ್ತ ಉಯಿಲಿನ ಕಾರ್ಯಕರ್ತರಲ್ಲಿ ಒಬ್ಬರು, ಇಂಗ್ಲಿಷ್ ನಿಘಂಟನ್ನು ರಚಿಸಿದ ಡಾಕ್ಟರ್ ಜಾನ್ಸನ್! ಪದಗಳಿಗೆ ಅರ್ಥ ಬರೆದ ಪಂಡಿತರು ಪೀಪಾಯಿಗಳಿಗೆ ಬೆಲೆ ಕಟ್ಟುವ ಕೆಲಸವನ್ನೂ ಉತ್ಸಾಹದಿಂದ ಮಾಡಿದರು.

ವಿದ್ಯಾರ್ಥಿಗಳಿರುವ ಮನೆಯವರಿಗೆ ಇನ್ನೊಂದು ಸಂಗತಿ ಹಿಡಿಸೀತು. ಸಂಖ್ಯಾಶಾಸ್ತ್ರ ಓದುವ ಮಕ್ಕಳೆಲ್ಲ ತಲೆ ಕೆರೆದುಕೊಳ್ಳುವ ‘ಸ್ಟೂಡೆಂಟ್ಸ್ ಟಿ’ ಪರೀಕ್ಷೆಯನ್ನು ೧೯೦೮ರಲ್ಲಿ ಲೋಕಕ್ಕೆ ಕೊಟ್ಟವರು ಗಿನ್ನೆಸ್ ಬ್ರೂವರಿಯ ನೌಕರರಾದ ವಿಲಿಯಂ ಸೀಲಿ ಗಾಸೆಟ್. ಕೆಲವೇ ಮಾದರಿಗಳನ್ನು ಪರೀಕ್ಷಿಸಿ ಇಡೀ ಸರಕಿನ ಗುಣ ಹೇಳುವುದು ಹೇಗೆಂಬ ಬ್ರೂವರಿಯ ಸಮಸ್ಯೆಯೇ ಅವರನ್ನು ಆ ಗಣಿತಕ್ಕೆ ತಳ್ಳಿತು. ತಮ್ಮ ಹೆಸರಿನಲ್ಲಿ ಪ್ರಕಟಿಸುವಂತಿರಲಿಲ್ಲವಾದ್ದರಿಂದ ‘ಸ್ಟೂಡೆಂಟ್’ ಎಂಬ ಕಾವ್ಯನಾಮ ಇಟ್ಟುಕೊಂಡರು. ಆ ಲೋಟದ ಮೇಲಿನ ಕೆನೆಯಂಥ ನೊರೆಯ ಹಿಂದೆಯೂ ಒಬ್ಬ ಗಣಿತಜ್ಞರಿದ್ದಾರೆ. ಅದೇ ಸಂಸ್ಥೆಯ ಮೈಕೇಲ್ ಆ್ಯಶ್ ಎಂಬುವರ ಪ್ರಯೋಗಗಳಿಂದ ೧೯೫೯ರಲ್ಲಿ ಸಾರಜನಕದ ಅನಿಲವನ್ನು ಬಳಸಿ ಸಣ್ಣ ಗುಳ್ಳೆಯ ನೊರೆ ಬರಿಸುವ ಕ್ರಮ ಬಳಕೆಗೆ ಬಂತು.

ಕರಿಯ ಬಿಯರು ನಮ್ಮ ದೇಶಕ್ಕೆ ಹೊಸದಲ್ಲ. ಈಸ್ಟ್ ಇಂಡಿಯ ಕಂಪೆನಿಯ ಕಾಲದಲ್ಲಿ ಸಿಪಾಯಿಗಳಿಗಾಗಿ ಪೋರ್ಟರಿನ ಪೀಪಾಯಿಗಳು ಹಡಗಿನಲ್ಲಿ ಬರುತ್ತಿದ್ದವು. ಆಮೇಲೆ ನೀಲಗಿರಿಯ ತಂಪಿನಲ್ಲಿಯೂ ಬೆಂಗಳೂರಿನಲ್ಲಿಯೂ ಬ್ರೂವರಿಗಳು ಎದ್ದವು. ೧೯೧೫ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವರು ದಕ್ಷಿಣದ ಐದು ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದರು. ಮದರಾಸು, ಬೆಂಗಳೂರು, ನೀಲಗಿರಿಗಳ ಸೈನ್ಯದ ಪಾಳೆಯಗಳಿಗೆ ದೊಡ್ಡ ಪೀಪಾಯಿಗಳು ಎತ್ತಿನ ಗಾಡಿಗಳಲ್ಲಿ ಹೋಗುತ್ತಿದ್ದವು. ೧೯೪೭ರಲ್ಲಿ ಆ ಕಂಪೆನಿಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದವರು ಬಂಟವಾಳ ಮೂಲದ ಮನೆತನದ ವಿಠಲ ಮಲ್ಯ. ಚೆನ್ನೈಗೆ ಇನ್ನೂ ಹತ್ತಿರದ ನಿದರ್ಶನ ಸಿಂಹಳದ್ದು. ನುವಾರ ಎಲಿಯ ಎಂಬ ಬೆಟ್ಟದೂರಿನಲ್ಲಿ ಹುಟ್ಟಿದ ಲಯನ್ ಸ್ಟೌಟಿನಲ್ಲಿ ಇಂದು ಆಲ್ಕೋಹಾಲು ಶೇಕಡ ೮ಕ್ಕೂ ಮಿಗಿಲು. ಅದನ್ನು ಹುಡುಕಿಕೊಂಡು ಬಂದು ಹೊಗಳಿ ಬರೆದು ಲೋಕಕ್ಕೆ ಪರಿಚಯ ಮಾಡಿಸಿದವರು ಮೈಕೇಲ್ ಜಾಕ್ಸನ್. ಇವರು ಹಾಡಿ ಕುಣಿದ ಮೈಕೇಲ್ ಜಾಕ್ಸನ್ ಅಲ್ಲ. ೨೦೦೭ರಲ್ಲಿ ತೀರಿಕೊಂಡ ಇಂಗ್ಲೆಂಡಿನ ಪತ್ರಕರ್ತರು.

ಬೆಂಗಳೂರಿನಲ್ಲಿ ೨೦೧೦-೧೧ರ ಸುಮಾರಿಗೆ ಊಟದ ಮನೆಯಲ್ಲೇ ಬಿಯರು ಕಾಯಿಸಿ ಕೊಡುವ ಚಿಕ್ಕ ಬ್ರೂವರಿಗಳು ಆರಂಭವಾದವು. ಇಂದಿರಾನಗರದ ಟಾಯ್ಟ್, ವಿಠಲ ಮಲ್ಯ ರಸ್ತೆಯ ಬಿಯರ್ ಕ್ಲಬ್ ಮೊದಲ ಸಾಲಿನವು. ಆಮೇಲೆ ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಮುಂತಾದುವು ಸೇರಿಕೊಂಡವು. ತಾಮ್ರದ ಬಣ್ಣದ ಹಂಡೆಗಳನ್ನು ಗಾಜಿನ ಆಚೆ ಕಾಣುವಂತೆ ಇಟ್ಟು, ಚಿಕ್ಕಮಗಳೂರಿನ ಕಾಫಿಯಿಂದಲೋ ನಮ್ಮ ಊರಿನ ಬೆಲ್ಲದಿಂದಲೋ ಹೊಸ ಹೊಸ ಬಗೆಗಳನ್ನು ಮಾಡುವ ಉತ್ಸಾಹ ಅಲ್ಲಿನ ಯುವಕರಲ್ಲಿ ಕಾಣುತ್ತದೆ. ನಮ್ಮ ಮಕ್ಕಳ ಬಾಯಲ್ಲಿ ಕೇಳಿಬರುವ ಪದದ ಮೂಲ ಇದೇ.

ನಾವು ಕಂಡ ರುಚಿ

ಕಳೆದ ವರ್ಷ ಒಂದು ಮದುವೆಯ ನಿಮಿತ್ತ ಚೆನ್ನೈಯಿಂದ ನಾವು ಮೂರು ಮನೆಯವರು ಬೆಂಗಳೂರಿಗೆ ಹೋಗಿದ್ದೆವು. ಮಾರನೆಯ ಸಂಜೆ ಹುಡುಗರು ನಮ್ಮನ್ನು ಇಂಥದೊಂದು ಊಟದ ಮನೆಗೆ ಕರೆದೊಯ್ದರು. ಅಲ್ಲಿ ಊಟಕ್ಕೆ ಸಸ್ಯಾಹಾರವೂ ಇತ್ತು, ಹಣ್ಣಿನ ರಸವೂ ಇತ್ತು, ಕುಟುಂಬಗಳೂ ಕುಳಿತಿದ್ದವು. ನಮ್ಮ ಗುಂಪಿನಲ್ಲಿ ಎಂಟು ಜನ, ಕುಡಿಯುವವರು ಮೂವರು. ಹುಡುಗರು ತರಿಸಿದ್ದು ಕಾಫಿಯೂ ಕೋಕೋವೂ ಬೆರೆತ ಸ್ಟೌಟು. ಬಿರುಸು ಶೇಕಡ ೧೦ ಎಂದು ಹಲಗೆಯ ಮೇಲೆ ಬರೆದಿತ್ತು. ದೊಡ್ಡ ಲೋಟದಲ್ಲಿ ಕೊಡುವುದಿಲ್ಲವೆಂದು ಮಾಣಿ ಮೊದಲೇ ಹೇಳಿದ. ಅರಳಿದ ತಾವರೆಯ ಮೊಗ್ಗಿನ ಆಕಾರದ, ಕಾಲುಳ್ಳ ಗಾಜಿನ ಬಟ್ಟಲಲ್ಲಿ ೨೫೦ ಮಿಲಿ ಬಂತು.

ಹುಡುಗರಲ್ಲೊಬ್ಬ ಆತುರದಿಂದ ಒಂದು ಗುಟುಕು ಕುಡಿದು, ‘ಸೂಪರ್’ ಎಂದ. ಏನು ಸೂಪರ್ ಎಂದು ಕೇಳಿದರೆ ಅದಕ್ಕೆ ಮುಂದಿನ ಮಾತು ಅವನಲ್ಲಿರಲಿಲ್ಲ. ಆಗ ನಮ್ಮ ಜೊತೆಗಿದ್ದ ಎಪ್ಪತ್ತೆಂಟು ವಯಸ್ಸಿನ ದೊಡ್ಡಮ್ಮ, ‘ಇಲ್ಲಿ ಕೊಡೋ ಮಗು, ವಾಸನೆ ನೋಡ್ತೀನಿ’ ಎಂದರು. ಜನ್ಮದಲ್ಲಿ ತೊಟ್ಟು ಮದ್ಯ ಸೋಂಕದ ಹೆಂಗಸು. ಮೇಜಿನ ಸುತ್ತ ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ. ‘ಬೇಡಿ ದೊಡ್ಡಮ್ಮ, ನಿಮಗೆ ಹಿಡಿಸೋಲ್ಲ’ ಎಂದ ಹುಡುಗ. ‘ಕುಡಿಯೋಕೆ ಯಾರು ಕೇಳಿದರು? ಮೂಸೋಕೆ ಮಡಿ ಇಲ್ಲ’ ಎಂದು ಬಟ್ಟಲನ್ನು ಎರಡು ಕೈಯಲ್ಲೂ ಹಿಡಿದು, ಕಣ್ಣು ಮುಚ್ಚಿ ಮೂಸಿದರು.

‘ಮೊದಲು ಕಾಫಿ. ಆದರೆ ಇದು ಹೊಸದಾಗಿ ಹುರಿದ ಕಾಫಿಯಲ್ಲ. ಪುಡಿ ಮಾಡಿ ಎರಡು ದಿವಸ ಆಗಿದೆ. ಅದರ ಹಿಂದೆ ರಾಗಿ ಹುರಿಯುವಾಗ ತಳದಲ್ಲಿ ಸೀಯೋಕೆ ಸ್ವಲ್ಪ ಮುಂಚೆ ಬರೋ ವಾಸನೆ. ಆಮೇಲೆ ಆಲೆಮನೆ ಕೊಪ್ಪರಿಗೆ. ಬೆಲ್ಲ ಇನ್ನೂ ಅಚ್ಚಿಗೆ ಬಂದಿಲ್ಲ, ನೊರೆ ಕಟ್ಟಿದೆ. ಕೊನೇಲಿ ಏನೋ ಒಂದು ಒಣದ್ರಾಕ್ಷಿ ಹುಳಿ’ ಎಂದರು.

ಅವರ ಮಾತು ಕೇಳಿ ಬಂದ ಬ್ರೂವರಿಯ ಯುವಕ, ಮೂರನೆಯದರಲ್ಲಿ ತಾವು ನಿಜಕ್ಕೂ ಬೆಲ್ಲ ಹಾಕಿದ್ದೇವೆಂದೂ ಅದನ್ನು ಹಲಗೆಯ ಮೇಲೆ ಬರೆದಿಲ್ಲವೆಂದೂ ಒಪ್ಪಿಕೊಂಡ. ‘ಅಜ್ಜಿ, ನಿಮಗೆ ಹೇಗೆ ಗೊತ್ತಾಯಿತು?’ ಎಂದು ಕೇಳಿದ. ‘ನಮ್ಮಪ್ಪನ ಮನೇಲಿ ಆಲೆಮನೆ ಇತ್ತಪ್ಪ. ಕಾಫಿಬೀಜಾನ ನಾನೇ ವಾರಕ್ಕೊಮ್ಮೆ ಹುರೀತಿದ್ದೆ’ ಎಂದು ಅವರು ಬಟ್ಟಲನ್ನು ಹುಡುಗನ ಕಡೆ ಸರಿಸಿದರು. ಆ ಮೇಜಿನಲ್ಲಿ ಅತ್ಯುತ್ತಮ ಪರೀಕ್ಷಕರು ಒಂದು ಹನಿಯನ್ನೂ ನಾಲಗೆಗೆ ಸೋಕಿಸದವರು ಎಂಬುದನ್ನು ನಾವು ಇಲ್ಲಿ ದಾಖಲಿಸುತ್ತೇವೆ.

ಅವರು ತೋರಿಸಿದ ದಾರಿಯಲ್ಲೇ ಮುಂದೆ ಹೋದವರಿಗೆ ರುಚಿ ಒಂದೊಂದಾಗಿ ಸಿಕ್ಕಿತು. ಬಾಯಿಗೆ ತಾಗಿದೊಡನೆ ಸಿಹಿ. ಕೋಕೋ ಬೆರೆಸಿದ ಹಾಲಿನ ಸಿಹಿ. ನಾಲಗೆಯ ಮೇಲೆ ಅದು ನೀರಿನಂತೆ ಹರಿಯುವುದಿಲ್ಲ; ಎಣ್ಣೆಯ ಹಾಗೆ ನಿಧಾನವಾಗಿ ಹರಡುತ್ತದೆ. ನುಂಗಿದ ಮೇಲೆ ಕಹಿ ಏಳುತ್ತದೆ. ಈ ಕಹಿ ಎರಡು ಬಗೆ: ಹಾಪ್ಸಿನದು ಹಾಗಲಕಾಯಿಯಂತೆ ಹಸಿರು ಕಹಿ, ಹುರಿದ ಕಾಳಿನದು ಡಿಕಾಕ್ಷನ್ನಿನಂತೆ ಒಣ ಕಹಿ. ಆಮೇಲೆ ಬಾಯೊಳಗೆ ಸ್ವಲ್ಪ ಒಗರು. ಕಟ್ಟಕಡೆಗೆ ಗಂಟಲಿನಿಂದ ಎದೆಯವರೆಗೆ ಇಳಿಯುವ ಬಿಸಿ. ಮೊದಲು ಬಂದಾಗ ತೀರ ತಣ್ಣಗಿದ್ದುದರಿಂದ ಕೋಕೋ ಬಿಟ್ಟು ಬೇರೇನೂ ತಿಳಿಯಲಿಲ್ಲ. ಕಾಲುಗಂಟೆ ಬಿಟ್ಟ ಮೇಲೆ ಬೆಲ್ಲವೂ ದ್ರಾಕ್ಷಿಯೂ ಹೊರಬಂದವು. ತಣ್ಣನೆಯ ಪದಾರ್ಥ ನಾಲಗೆಯನ್ನು ಮರಗಟ್ಟಿಸುತ್ತದೆ; ಗಂಧವನ್ನೂ ಬಿಡಗೊಡುವುದಿಲ್ಲ. ಬಿರುಸಾದ ಸ್ಟೌಟನ್ನು ೧೦ರಿಂದ ೧೩ ಡಿಗ್ರಿಯಲ್ಲಿ ಕೊಡಬೇಕೆಂದು ತಿಳಿದವರು ಹೇಳುವುದು ಇದಕ್ಕೇ.

ಮದುವೆಮನೆಯಿಂದ ಕಟ್ಟಿಕೊಂಡು ಬಂದಿದ್ದ ಮೈಸೂರುಪಾಕನ್ನು ಒಬ್ಬರು ಜೊತೆಗೆ ತಿಂದು ನೋಡಿದರು. ಪರಿಣಾಮ ಕೆಟ್ಟದಾಯಿತು: ಸ್ಟೌಟಿನ ಸಿಹಿಯೆಲ್ಲ ಮಾಯವಾಗಿ ಬರೀ ಕಹಿ ಉಳಿಯಿತು. ಜಿಲೇಬಿ ತಿಂದ ಮೇಲೆ ಕಾಫಿ ಸಪ್ಪೆಯಾಗಿ ಕಹಿಯಾಗಿ ತೋರುವುದು ಎಲ್ಲರ ಅನುಭವವಲ್ಲವೆ? ಅದೇ ಇಲ್ಲಿಯೂ. ಉಪ್ಪುಖಾರದ ಕೋಡುಬಳೆ ಸರಿಯಾಗಿ ಹೊಂದಿತು. ಹುರಿದ ಕಡಲೆಬೀಜ ಇನ್ನೂ ಚೆನ್ನಾಗಿ ಹೊಂದಿತು. ಸಿಹಿಗೆ ಸಿಹಿ ಜೊತೆಯಲ್ಲ.

ನಮಗೆ ಹಿಡಿಸಿತೆ? ಕುಡಿದ ಮೂವರಲ್ಲಿ ಇಬ್ಬರಿಗೆ ಅರ್ಧ ಬಟ್ಟಲು ಬಹಳ ಚೆನ್ನಾಗಿತ್ತು, ಮಿಕ್ಕರ್ಧ ಹೆಚ್ಚಾಯಿತು. ಪಾಯಸವನ್ನು ಲೋಟಗಟ್ಟಲೆ ಕುಡಿಯಲಾಗದ ಹಾಗೆ. ಮೂರನೆಯವನು ಮಾತ್ರ ಎರಡನೆಯ ಬಟ್ಟಲು ತರಿಸಲು ಕೈಯೆತ್ತಿದ. ಅಲ್ಲಿಂದ ಮುಂದಿನದು ಲೆಕ್ಕದ ವಿಷಯ.

ಲೆಕ್ಕ

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ತೆಗೆಯಬೇಕು. ಬಣ್ಣ ಕಪ್ಪಾದರೆ ಬಿರುಸು ಹೆಚ್ಚು ಎಂದೇನಿಲ್ಲ. ಡಬ್ಲಿನ್ನಿನ ಸಾಧಾರಣ ಸ್ಟೌಟಿನಲ್ಲಿ ಆಲ್ಕೋಹಾಲು ಶೇಕಡ ೪ರ ಆಸುಪಾಸು. ನಮ್ಮ ಅಂಗಡಿಗಳಲ್ಲಿ ‘ಸ್ಟ್ರಾಂಗ್’ ಎಂದು ಮಾರುವ ಹೊಂಬಣ್ಣದ ಬಿಯರು ಅದಕ್ಕಿಂತ ಬಹಳ ಬಿರುಸು. ಆದರೆ ನಾವು ಹೇಳುತ್ತಿರುವ ಭಕ್ಷ್ಯದಂಥ ಸ್ಟೌಟಿನಲ್ಲಿ ಅದು ಶೇಕಡ ೧೦, ೧೨, ಕೆಲವೊಮ್ಮೆ ೧೪ಕ್ಕೂ ಹೋಗುತ್ತದೆ. ಬಣ್ಣವನ್ನು ನೋಡಿ ಪ್ರಯೋಜನವಿಲ್ಲ, ಅಂಕೆಯನ್ನು ನೋಡಬೇಕು.

೨೫೦ ಮಿಲಿಯ ಬಟ್ಟಲಿನಲ್ಲಿ ಶೇಕಡ ೧೦ ಎಂದರೆ ೨೫ ಮಿಲಿ ಶುದ್ಧ ಆಲ್ಕೋಹಾಲು. ತೂಕದಲ್ಲಿ ಸುಮಾರು ೨೦ ಗ್ರಾಂ. ೩೦ ಮಿಲಿಯ ಒಂದು ಅಳತೆ ವಿಸ್ಕಿಯಲ್ಲಿ ಇರುವುದು ಸುಮಾರು ೧೦ ಗ್ರಾಂ. ಹಾಗಾದರೆ ಕಾಫಿಯ ಘಮದ, ಕೋಕೋ ರುಚಿಯ ಆ ಒಂದು ಬಟ್ಟಲು ಎರಡು ಅಳತೆ ವಿಸ್ಕಿಗೆ ಸಮ. ವಿಸ್ಕಿ ಎಂದರೆ ಮುಖ ಹಿಂಡುವ ಹುಡುಗಿಯೋ ಹುಡುಗನೋ ಇದನ್ನು ಸಿಹಿಯೆಂದು ಸಲೀಸಾಗಿ ಮುಗಿಸುತ್ತಾರೆ. ಎರಡನೆಯ ಬಟ್ಟಲು ಬಂದರೆ ನಾಲ್ಕು ಅಳತೆ. ಇದರ ನಿಜವಾದ ಅಪಾಯ ಇರುವುದು ಇಲ್ಲಿ: ಇತರ ಮದ್ಯಗಳಲ್ಲಿ ನಾಲಗೆಯೇ ಕಾವಲುಗಾರ, ಇದರಲ್ಲಿ ಆ ಕಾವಲುಗಾರನಿಗೆ ಮೊದಲೇ ಸಿಹಿ ತಿನ್ನಿಸಿ ಮಲಗಿಸಲಾಗಿದೆ.

ನಮ್ಮ ಯಕೃತ್ತು ಗಂಟೆಗೆ ಸುಮಾರು ೭ರಿಂದ ೧೦ ಗ್ರಾಂ ಆಲ್ಕೋಹಾಲನ್ನು ಮಾತ್ರ ಕರಗಿಸಬಲ್ಲದು. ಒಂದು ಬಟ್ಟಲು ಕರಗಲು ಎರಡು ಮೂರು ಗಂಟೆ ಬೇಕು. ಅದರಲ್ಲಿ ಕಾಫಿ ಇದೆ, ಅಮಲು ಬೇಗ ಇಳಿಯುತ್ತದೆ ಎಂಬ ನಂಬಿಕೆ ಸುಳ್ಳು. ಕಾಫಿ ನಿದ್ದೆಯನ್ನು ಓಡಿಸಬಹುದು. ರಕ್ತದಲ್ಲಿರುವ ಆಲ್ಕೋಹಾಲನ್ನು ಓಡಿಸಲಾರದು. ನಮ್ಮ ಮೋಟಾರು ವಾಹನ ಕಾಯಿದೆಯ ಪ್ರಕಾರ ೧೦೦ ಮಿಲಿ ರಕ್ತದಲ್ಲಿ ೩೦ ಮಿಲಿಗ್ರಾಂ ಮೀರಿದರೆ ಅಪರಾಧ. ೨೦೧೯ರ ತಿದ್ದುಪಡಿಯಾದ ಮೇಲೆ ಮೊದಲ ಸಲಕ್ಕೇ ೧೦,೦೦೦ ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ಇಂಥ ಒಂದೇ ಬಟ್ಟಲು ಅನೇಕರನ್ನು ಆ ಗೆರೆ ದಾಟಿಸಬಲ್ಲದು. ಅಂದು ಎರಡನೆಯದಕ್ಕೆ ಕೈಯೆತ್ತಿದ ಹುಡುಗನೇ ವಾಹನ ನಡೆಸಿಕೊಂಡು ಬಂದಿದ್ದವನು. ಈ ಲೆಕ್ಕವನ್ನು ಕೈಬೆರಳಲ್ಲಿ ಎಣಿಸಿ ಅವನ ಮುಂದಿಟ್ಟವರು ಅವನ ತಂದೆ. ಬೈಗುಳವಿಲ್ಲದೆ, ಬ್ಯಾಂಕಿನ ಲೆಕ್ಕ ಹೇಳುವ ದನಿಯಲ್ಲಿ. ಹುಡುಗ ಕೈ ಇಳಿಸಿದ. ಕೀಲಿಕೈಯನ್ನು ಕುಡಿಯದ ತಂಗಿಗೆ ಕೊಟ್ಟ. ತಂದೆಗೆ ಅಂಕೆ ಗೊತ್ತಿಲ್ಲದಿದ್ದರೆ ಆ ಮೇಜಿನಲ್ಲಿ ಉಪದೇಶ ನಡೆಯುತ್ತಿತ್ತು, ಅಥವಾ ಮೌನ. ಎರಡರಿಂದಲೂ ಕೀಲಿಕೈ ಕೈಬದಲಾಗುತ್ತಿರಲಿಲ್ಲ.

ಇನ್ನೊಂದು ಹಳೆಯ ನಂಬಿಕೆ: ಸ್ಟೌಟು ಬಲ ಕೊಡುತ್ತದೆ, ರಕ್ತ ಹೆಚ್ಚಿಸುತ್ತದೆ, ಬಾಣಂತಿಯರಿಗೆ ಹಾಲು ಬರಿಸುತ್ತದೆ ಎಂಬುದು. ಬ್ರಿಟಿಷರ ಕಾಲದ ಈ ಮಾತು ನಮ್ಮ ಕೆಲವು ಮನೆಗಳಲ್ಲೂ ಉಳಿದಿದೆ. ಗಿನ್ನೆಸ್ ಸಂಸ್ಥೆಯೇ ೧೯೨೯ರಿಂದ ತನ್ನ ಬಿಯರು ಮೈಗೆ ಒಳ್ಳೆಯದೆಂದು ಜಾಹೀರಾತು ಕೊಟ್ಟಿತ್ತು. ಇಂದಿನ ವೈದ್ಯ ಅದನ್ನು ಒಪ್ಪುವುದಿಲ್ಲ. ಅದರಲ್ಲಿರುವ ಕಬ್ಬಿಣದ ಅಂಶ ಲೆಕ್ಕಕ್ಕೆ ಬಾರದಷ್ಟು. ಗರ್ಭಿಣಿ ಕುಡಿದ ಮದ್ಯ ಮಗುವಿಗೆ ಕೇಡು ಮಾಡುತ್ತದೆ. ಸಕ್ಕರೆ ಕಾಯಿಲೆಯವರಿಗೆ ಸಿಹಿ ಸ್ಟೌಟು ಎರಡು ಕಡೆಯಿಂದಲೂ ಹೊಡೆತ. ೨೦೨೩ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಇಷ್ಟು ಕುಡಿದರೆ ಅಪಾಯವಿಲ್ಲ ಎಂಬ ಪ್ರಮಾಣವೇ ಇಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ಕುಡಿಯದವರು ಇದರಲ್ಲಿ ಏನನ್ನೋ ಕಳೆದುಕೊಂಡೆವೆಂದು ಭಾವಿಸಬೇಕಾಗಿಲ್ಲ.

ನಮ್ಮ ಹಿರಿಯರ ಭಯ

ಮಕ್ಕಳಿಗೆ ಹಿರಿಯರ ಬಿಗಿ ಹಳೆಯ ಕಾಲದ ಹಠವಾಗಿ ಕಾಣುತ್ತದೆ. ಆ ಬಿಗಿಗೂ ಚರಿತ್ರೆ ಇದೆ. ೧೯೩೭ರ ಅಕ್ಟೋಬರಿನಲ್ಲಿ ರಾಜಾಜಿಯವರ ಮಂತ್ರಿಮಂಡಲ ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಆರಂಭಿಸಿತು. ಕಳೆದುಕೊಂಡ ಅಬಕಾರಿ ವರಮಾನವನ್ನು ತುಂಬಿಕೊಳ್ಳುವುದಕ್ಕಾಗಿ ೧೯೩೯ರಲ್ಲಿ ಮಾರಾಟ ತೆರಿಗೆ ಬಂತು. ೧೯೪೮ರಲ್ಲಿ ಇಡೀ ಮದರಾಸು ಪ್ರಾಂತಕ್ಕೆ ಪಾನನಿರೋಧ ವ್ಯಾಪಿಸಿತು. ಆಗ ಈ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ, ಬಳ್ಳಾರಿಗಳೂ ಅದಕ್ಕೆ ಒಳಪಟ್ಟವು. ತಮಿಳುನಾಡಿನಲ್ಲಿ ಅದನ್ನು ಸಡಿಲಿಸಿದ್ದು ೧೯೭೧ರಲ್ಲಿ. ಮೂರು ವರ್ಷಗಳಲ್ಲಿ ಮತ್ತೆ ಬಿಗಿಯಾಯಿತು. ೧೯೮೩ರಲ್ಲಿ ಸರಕಾರದ್ದೇ ಮದ್ಯ ಸಂಸ್ಥೆಯಾದ ಟ್ಯಾಸ್ಮ್ಯಾಕ್ ಹುಟ್ಟಿತು. ೨೦೦೩ರಿಂದ ಚಿಲ್ಲರೆ ಮಾರಾಟವೂ ಅದರ ಕೈಗೆ ಬಂತು. ಕರ್ಣಾಟಕದಲ್ಲಿ ೨೦೦೭ರ ಜುಲೈ ೧ರಿಂದ ಸಾರಾಯಿ ನಿಷೇಧವಾಯಿತು. ಕೂಲಿಯ ಹಣ ಮನೆಗೆ ಬಾರದೆ ದಾರಿಯಲ್ಲೇ ಕರಗಿದ್ದನ್ನು ಕಂಡ ಹೆಂಗಸರ ಕಣ್ಣೀರು ಈ ಎಲ್ಲ ಕಾನೂನುಗಳ ಹಿಂದೆ ಇದೆ. ಗಾಜಿನ ಆಚೆ ತಾಮ್ರದ ಹಂಡೆಗಳನ್ನು ನೋಡುತ್ತ ಕುಳಿತವರಿಗೆ ಅದು ದೂರದ ಕಥೆ ಎನಿಸಬಹುದು. ಆದರೆ ಆ ಬಟ್ಟಲಿನಲ್ಲಿರುವ ಆಲ್ಕೋಹಾಲಿಗೂ ಸಾರಾಯಿಯ ಆಲ್ಕೋಹಾಲಿಗೂ ಜಾತಿಭೇದವಿಲ್ಲ. ಬೆಲೆ ಹೆಚ್ಚು, ಬೆಳಕು ಮಂದ ಎಂಬುದರಿಂದ ಯಕೃತ್ತು ಮೋಸಹೋಗುವುದಿಲ್ಲ.

ಹಾಗೆಂದು ಕುಡಿಯುವವರೆಲ್ಲ ಮನೆಹಾಳರು ಎಂಬ ತೀರ್ಪೂ ಸಲ್ಲದು. ಮಕ್ಕಳಿಗೆ ಪದ್ಯ ಬರೆದ ಜಿ. ಪಿ. ರಾಜರತ್ನಂ ಅವರ ಕೈಯೇ ಕುಡುಕ ರತ್ನನನ್ನೂ ಸೃಷ್ಟಿಸಿತು; ಕನ್ನಡಿಗರು ಅವನನ್ನು ಮನೆಯ ಹುಡುಗನಂತೆ ಪ್ರೀತಿಸಿದರು. ಮನುಷ್ಯನನ್ನು ಬಿಡದೆ ಅವನ ದೌರ್ಬಲ್ಯವನ್ನು ಬಲ್ಲ ದಾಕ್ಷಿಣ್ಯ ನಮ್ಮ ಭಾಷೆಯಲ್ಲಿದೆ. ಅದು ನಮ್ಮ ಊಟದ ಕೋಣೆಗಳಲ್ಲೂ ಇರಬೇಕು. ಬಚ್ಚಿಟ್ಟು ಕುಡಿಯುವವನಿಗೆ ಅಳತೆ ಹೇಳಿಕೊಡುವವರು ಯಾರೂ ಇರುವುದಿಲ್ಲ. ಕಷ್ಟ ಬಂದಾಗ ಫೋನು ಮಾಡಿ, ‘ಅಪ್ಪ, ನಾನು ಗಾಡಿ ಓಡಿಸೋ ಸ್ಥಿತಿಯಲ್ಲಿಲ್ಲ’ ಎಂದು ಹೇಳಲು ಅವನಿಗೆ ಧೈರ್ಯ ಬರುವುದಿಲ್ಲ. ಆ ಒಂದು ಫೋನು ಬರುವಂತಿರಬೇಕಾದರೆ ಮಾತು ಅದಕ್ಕೆ ಮೊದಲೇ ನಡೆದಿರಬೇಕು.

ಆದುದರಿಂದ ನಮ್ಮ ಸಲಹೆ ಇಷ್ಟು. ಕುಡಿಯದವರು ಕುಡಿಯಲು ಆರಂಭಿಸಲು ಇದರಲ್ಲಿ ಯಾವ ಕಾರಣವೂ ಇಲ್ಲ. ತಮಿಳುನಾಡಿನಲ್ಲಿ ೨೧ ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಮನೆಯಲ್ಲೂ ಆ ಗೆರೆಯನ್ನು ಮೀರಬೇಡಿ. ಕುಡಿಯುವವರು ಹಲಗೆಯ ಮೇಲಿನ ಅಂಕೆಯನ್ನು ಮೊದಲು ಓದಲಿ, ಒಂದು ಬಟ್ಟಲನ್ನು ಇಬ್ಬರು ಹಂಚಿಕೊಳ್ಳಲಿ, ಬರಿಹೊಟ್ಟೆಯಲ್ಲಿ ಬೇಡ, ಜೊತೆಗೆ ನೀರು ಇರಲಿ, ಮನೆಗೆ ಮರಳುವುದು ಹೇಗೆಂಬುದು ಮೊದಲ ಗುಟುಕಿಗೆ ಮುಂಚೆಯೇ ನಿಶ್ಚಯವಾಗಲಿ. ಮದ್ಯದ ಕಾನೂನು ರಾಜ್ಯಕ್ಕೊಂದು. ಅಲ್ಲಿಂದ ಸೀಸೆ ತುಂಬಿಕೊಂಡು ಹೊಸೂರಿನ ಗಡಿ ದಾಟಿಸುವ ಉಡುಗೊರೆ ಯಾರಿಗೂ ಬೇಡ. ಹಿರಿಯರು ಕೆಮ್ಮುವುದನ್ನು ಬಿಟ್ಟು ಕೇಳಲಿ: ಎಷ್ಟು ಬಿರುಸು, ಎಷ್ಟು ಮಿಲಿ, ಯಾರು ಗಾಡಿ ಓಡಿಸುತ್ತಾರೆ. ಈ ಮೂರು ಪ್ರಶ್ನೆಗಳಲ್ಲಿ ಬೈಗುಳವಿಲ್ಲ, ಒಪ್ಪಿಗೆಯೂ ಇಲ್ಲ, ಕಾಳಜಿ ಇದೆ.

ಕೊನೆಯದಾಗಿ ವಾಚಕರಲ್ಲಿ ಒಂದು ಕೋರಿಕೆ. ಒಗರು, ಕಮಟು, ಸೀಕಲು, ಕನರು, ಘಾಟು: ರುಚಿಗೂ ವಾಸನೆಗೂ 'ಸೂಪರ್' ಎಂಬ ಒಂದೇ ಪದ ಬಲ್ಲ ನಮ್ಮ ಮಕ್ಕಳಿಗೆ ಇಂಥ ಮಾತುಗಳು ದಾಟಿಲ್ಲ. ಕಾಫಿ ಹುರಿಯುವಾಗ, ಬೆಲ್ಲ ಕಾಯಿಸುವಾಗ, ಹಿಟ್ಟು ಹುಳಿ ಬರಿಸುವಾಗ ನಿಮ್ಮ ಮನೆಯಲ್ಲಿ ಬಳಸುತ್ತಿದ್ದ ಪದಗಳನ್ನು, ಯಾವ ಊರಿನ ಮಾತೆಂಬುದರೊಡನೆ, ಒಂದು ಹಾಳೆಯಲ್ಲಿ ಬರೆದು ಸಂಘದ ಕಚೇರಿಗೆ ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಅವನ್ನು ಒಟ್ಟುಗೂಡಿಸಿ ಅಚ್ಚು ಹಾಕುತ್ತೇವೆ. ಬರೆಯಲು ಕುಳಿತಾಗ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.